ಇಪ್ಪತ್ಮೂರು ಮಂದಿ, ಇಪ್ಪತ್ತನಾಲ್ಕು ಟ್ಯೂಬು

ತಿಕೋಟಾದ ಕಂಪ್ಯೂಟರು ಎರಡನೆಯ ದಿನವೂ ಅದೇ ಮಾತು ಹೇಳಿತು. ಹೊಸ ವರದಿ ತಂತ್ರಾಂಶವನ್ನು ಹಾಕಲಾಗದು, ಅದಕ್ಕೆ ಬೇಕಾದ ಲೇಬಲ್ ಲೈಬ್ರರಿಯನ್ನು ಹಾಕಲಾಗದು. ಆ ಲೈಬ್ರರಿ, ಎಂದರೆ ಲೇಬಲ್ ಮುದ್ರಿಸಲು ನೆರವಾಗುವ ಸಣ್ಣ ತಂತ್ರಾಂಶ, ನಮ್ಮ ಸರ್ವರಿನಲ್ಲಿ ಇತ್ತು. ನಾನೇ ಅಲ್ಲಿಟ್ಟಿದ್ದೆ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಮತ್ತೆ ಅದೇ ಆಜ್ಞೆ ಟೈಪ್ ಮಾಡಿದೆ. ಮತ್ತೆ ಅದೇ ಉತ್ತರ.

ವಿಜಯಪುರದ ಅಥಣಿ ರಸ್ತೆಯಲ್ಲಿರುವ ಒಂದು ರಕ್ತಪರೀಕ್ಷಾ ಪ್ರಯೋಗಾಲಯದ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಪ್ರಯೋಗಾಲಯಕ್ಕೆ ಎರಡು ಸಂಗ್ರಹ ಕೇಂದ್ರಗಳಿವೆ, ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು. ಅಲ್ಲಿ ರಕ್ತ ತೆಗೆದು, ಹೆಸರಿನ ಲೇಬಲ್ ಅಂಟಿಸಿದ ಟ್ಯೂಬುಗಳನ್ನು ವಿಜಯಪುರಕ್ಕೆ ಕಳಿಸುತ್ತಾರೆ. ವರದಿ ಕಂಪ್ಯೂಟರಿನಲ್ಲಿ ಹಿಂತಿರುಗುತ್ತದೆ. ರಕ್ತ ಪರೀಕ್ಷಿಸುವ ಯಂತ್ರವನ್ನು ಬದಲಿಸಿದ್ದರಿಂದ ಎರಡೂ ಕೇಂದ್ರಗಳ ತಂತ್ರಾಂಶವನ್ನೂ ಬದಲಿಸಬೇಕಾಗಿತ್ತು. ತಿಕೋಟಾ ನನ್ನ ಪಾಲಿಗೆ ಬಂದಿತ್ತು. ಬಬಲೇಶ್ವರವನ್ನು ನಮ್ಮ ವ್ಯವಸ್ಥಾಪಕರು ವಿಜಯಪುರದಲ್ಲಿ ಕುಳಿತೇ ದೂರದಿಂದ ಮಾಡಿ ಮುಗಿಸಿದ್ದರು. ನಾನು ಬರುವ ಮೊದಲು ಈ ಕಂಪ್ಯೂಟರುಗಳೆಲ್ಲ ಅವರೊಬ್ಬರ ಕೈಯಲ್ಲೇ ಇದ್ದವು. ನಾನು ಬಂದದ್ದು ಅವರಿಗೆ ಸರಿಬಂದಿರಲಿಲ್ಲ, ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

ಮೊದಲ ದಿನ ನಾನು ತಪ್ಪು ಜಾಗದಲ್ಲಿ ಹುಡುಕಿದೆ. ಪ್ಯಾಕೇಜುಗಳ, ಎಂದರೆ ತಂತ್ರಾಂಶದ ಕಟ್ಟುಗಳ, ಪಟ್ಟಿಯನ್ನು ಅಳಿಸಿ ಹೊಸದಾಗಿ ತರಿಸಿದೆ. ಇಂಟರ್ನೆಟ್ ಸಂಪರ್ಕವನ್ನು ಅನುಮಾನಿಸಿ ಫೋನಿನಿಂದ ಸಂಪರ್ಕ ಕೊಟ್ಟೆ. ಯಾರಾದರೂ ಯಾವುದಾದರೂ ಪ್ಯಾಕೇಜನ್ನು ಬದಲಾಗದಂತೆ ತಡೆಹಿಡಿದಿದ್ದಾರೆಯೇ ಎಂದು ನೋಡಿದೆ, ಹಿಡಿದಿರಲಿಲ್ಲ. ಹೊಸ ತಂತ್ರಾಂಶ ಹನ್ನೊಂದು ಸಣ್ಣ ಪ್ಯಾಕೇಜುಗಳ ಮೇಲೆ ನಿಂತಿತ್ತು. ಒಂದೊಂದನ್ನೇ ಬೇರೆಯಾಗಿ ಹಾಕಲು ನೋಡಿದೆ. ಹತ್ತು ಕೂತವು, ಲೇಬಲ್ ಲೈಬ್ರರಿ ಮಾತ್ರ ಕೂರಲಿಲ್ಲ.

ಎರಡನೆಯ ದಿನ ಹತ್ತು ಗಂಟೆಗೆ ವ್ಯವಸ್ಥಾಪಕರ ಫೋನು ಬಂತು.

"ಆತೇನ್ರಿ?"

"ಇನ್ನೂ ಇಲ್ರಿ."

"ಬಬಲೇಶ್ವರದ್ದು ನಾ ಕುಂತಲ್ಲೇ ಹತ್ತ ನಿಮಿಷದಾಗ ಮುಗಿಸೀನಿ. ನೀವು ಬಸ್ ಹತ್ತಿ ಹೋಗಿ ಎರಡ ದಿನ ಆತು. ಯೂನಿವರ್ಸಿಟಿಯೊಳಗ ಏನ ಕಲಿಸ್ಯಾರ ನಿಮಗ, ರಂಗೋಲಿ?"

ಫೋನ್ ಬದಿಗಿಟ್ಟು ಕೀಲಿಮಣೆಗೆ ಮರಳಿದೆ. ಅವರ ಮಾತಿಗೆ ಉತ್ತರ ಕೊಡದಿರುವುದು ನನ್ನ ರೂಢಿ. ಅದನ್ನು ಅವರು ಸೊಕ್ಕು ಎನ್ನುತ್ತಿದ್ದರು. ಪೂರ್ತಿ ತಪ್ಪಲ್ಲ.

ಅದಾಗಿ ಸುಮಾರು ಒಂದು ಗಂಟೆ ಕಳೆದ ಮೇಲೆ ಬಬಲೇಶ್ವರದ ತಂತ್ರಜ್ಞೆ ಫೋನ್ ಮಾಡಿದಳು. ಅಲ್ಲಿ ರಕ್ತ ತೆಗೆಯುವವಳು ಅವಳೊಬ್ಬಳೇ. ಅಂದು ಅಲ್ಲಿ ಸಂತೆ. ಸಂತೆಯ ದಿನ ಬೆಳಿಗ್ಗೆಯೇ ಬಸ್ಸು ಜೀಪುಗಳಲ್ಲಿ ಸುತ್ತಲಿನ ಹಳ್ಳಿಯವರು ಬರಿಹೊಟ್ಟೆಯಲ್ಲಿ ಬಂದು ಕೂರುತ್ತಾರೆ. ರಕ್ತ ಕೊಟ್ಟು, ನಾಷ್ಟಾ ಮಾಡಿ ಸಂತೆಗೆ ಹೋಗಬೇಕೆಂಬ ಅವಸರ ಎಲ್ಲರಿಗೂ. ಅದಕ್ಕೆ ವ್ಯವಸ್ಥಾಪಕರು ಒಂದು ಪದ್ಧತಿ ಮಾಡಿದ್ದರು: ಮೊದಲು ಎಲ್ಲರ ಹೆಸರು ಬರೆಸಿಕೊಳ್ಳುವುದು, ಎಲ್ಲರ ಲೇಬಲ್ಲುಗಳನ್ನೂ ಒಟ್ಟಿಗೆ ಮುದ್ರಿಸುವುದು, ಖಾಲಿ ಟ್ಯೂಬುಗಳಿಗೆ ಮೊದಲೇ ಅಂಟಿಸಿ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುವುದು, ಆಮೇಲೆ ಸಾಲಿನ ಪ್ರಕಾರ ಕರೆದು ರಕ್ತ ತೆಗೆಯುವುದು. ರಕ್ತ ತೆಗೆಯುವಾಗ ಪ್ರತಿಯೊಬ್ಬರ ಹೆಸರನ್ನೂ ಮತ್ತೆ ಓದಬೇಕಾಗಿರಲಿಲ್ಲ, ಅಷ್ಟು ಸಮಯ ಉಳಿಯುತ್ತಿತ್ತು.

"ಮೇಡಮ್, ಮಂದಿ ಇಪ್ಪತ್ಮೂರು. ಟ್ಯೂಬ್ ಇಪ್ಪತ್ನಾಕು ಆಗ್ಯಾವು. ಎಲ್ಲಾರದೂ ತಗೊಂಡ ಮ್ಯಾಲ ಒಂದ ಖಾಲಿ ಉಳದೈತ್ರಿ," ಎಂದಳು.

"ಪ್ರಿಂಟರ್ ಒಂದ ಹೆಚ್ಚಿಗಿ ಹೊಡದಿರಬೇಕು. ಒಗದಬಿಡ್ರಿ."

"ಅದರ ಮ್ಯಾಲ ಹೆಸರ ಐತ್ರಿ."

"ಲೇಬಲ್ ಅಂದಮ್ಯಾಲ ಹೆಸರ ಇರೂದ. ಒಗೀರಿ."

ಫೋನ್ ಇಟ್ಟೆ. ಆ ಮಾತಿಗೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಪರದೆಯ ಮೇಲಿನ ಸಾಲಿಗೆ ಮರಳಿದೆ.

ಎರಡು ದಿನ ಕಳೆದ ಮೇಲೆ ಡಾಕ್ಟರು ನಮ್ಮಿಬ್ಬರನ್ನು ಕೋಣೆಗೆ ಕರೆದರು. ಡಾಕ್ಟರೆಂದರೆ ಪ್ರಯೋಗಾಲಯದ ಒಡೆಯರು. ಮೇಜಿನ ಮೇಲೆ ಬಬಲೇಶ್ವರದ ತಂತ್ರಜ್ಞೆಯ ಹೆಸರಿಗೆ ಕಾರಣ ಕೇಳಿ ಬರೆದ ಪತ್ರವಿತ್ತು. ಸಂತೆಯ ದಿನ ಬಂದವರಲ್ಲಿ ಹದಿನೈದನೆಯವನು ಕುರಿ ಕಾಯುವ ಮುದುಕ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆಯವನಿಗೆ ಏನೂ ಇಲ್ಲವೆಂದು ವರದಿ ಹೋಗಿತ್ತು. ಅವನು ಮಾತ್ರೆ ಬಿಟ್ಟು ಹೋಳಿಗೆ ಉಂಡು, ತಲೆ ತಿರುಗಿ ಬಿದ್ದಿದ್ದ. ಅವನ ಮುಂದೆ ಕುಳಿತಿದ್ದ ಹದಿನಾಲ್ಕನೆಯ ಹುಡುಗಿಗೆ ಸಕ್ಕರೆ ವಿಪರೀತವೆಂದು ವರದಿ. ಅವಳು ಹೆದರಿ ಅನ್ನ ಬಿಟ್ಟಿದ್ದಳು. ಇಪ್ಪತ್ಮೂರನೆಯವನ ರಕ್ತ ಬಂದೇ ಇರಲಿಲ್ಲ.

"ಎರಡ ಟ್ಯೂಬ್ ಅದಲಬದಲ ಮಾಡ್ಯಾಳ, ಒಂದ ಕಳದಾಳ," ಎಂದರು ಡಾಕ್ಟರು. "ಮೂರು ದಿನದಾಗ ಉತ್ತರ ಕೊಡ್ಲಿ. ಇಲ್ಲಂದ್ರ ಬ್ಯಾರೆ ಹೆಣಮಗಳನ ನೋಡ್ರಿ."

"ನೋಡಿ ಇಟ್ಟೇನ್ರಿ," ಎಂದರು ವ್ಯವಸ್ಥಾಪಕರು.

'ಮಾದರಿ ಅದಲುಬದಲು' ಎಂಬ ಕಾರಣ ಬರೆದು ತೆಗೆದುಹಾಕಿದ ತಂತ್ರಜ್ಞೆಯನ್ನು ಈ ಜಿಲ್ಲೆಯ ಯಾವ ಪ್ರಯೋಗಾಲಯವೂ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಇದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಖಾಲಿ ಟ್ಯೂಬಿನ ಫೋನು ನನಗೆ ನೆನಪಾಯಿತು. ಆದರೆ ಒಂದು ಹೆಚ್ಚಿನ ಲೇಬಲ್ಲಿಗೂ ಅದಲುಬದಲಿಗೂ ಸಂಬಂಧವಿಲ್ಲವೆಂದು ನನಗೆ ನಾನೇ ಹೇಳಿಕೊಂಡು, ಬಾಯಿ ಬಿಡದೆ ಹೊರಗೆ ಬಂದೆ.

ಮಾರನೆಯ ದಿನ ಮತ್ತೆ ತಿಕೋಟಾ. ಈ ಸಲ ಮಾಡಿದ್ದು ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಕೊನೆಯ ಸಾಲನ್ನಷ್ಟೇ ಓದುವುದನ್ನು ಬಿಟ್ಟು, ಈಗಾಗಲೇ ಇರುವ ಪ್ಯಾಕೇಜುಗಳ ಆವೃತ್ತಿ ಸಂಖ್ಯೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಎಲ್ಲವೂ ಒಂದಂಕಿ ಎರಡಂಕಿಯವು. ಲೇಬಲ್ ಲೈಬ್ರರಿಯ ಎದುರಿಗೆ ಮಾತ್ರ 1944 ಎಂದಿತ್ತು.

ತಿಕೋಟಾ ಕೇಂದ್ರದ ತಂತ್ರಜ್ಞ ನಿವೃತ್ತಿಯ ಅಂಚಿನಲ್ಲಿರುವವರು. ನನ್ನ ಹೆಗಲ ಮೇಲಿಂದ ಇಣುಕಿ ನೋಡಿದರು.

"ಅದು ಸಾಹೇಬರ ಶಕೆ," ಎಂದರು.

"ಅಂದ್ರ?"

"ಪ್ರತಿ ಯುಗಾದಿಗೆ ಬರತಿದ್ರು. ಕಂಪ್ಯೂಟರಿಗೆ ಕುಂಕುಮ, ಮ್ಯಾಲ ಎರಡ ಬೇವಿನ ಎಲಿ. ಹೊಸಾ ಪಂಚಾಂಗ ತಗದು, ಶಾಲಿವಾಹನ ಶಕೆ ನೋಡಿ, ಅದ ನಂಬರ್ ಕೊಟ್ಟು ಹೊಸದ ಹಾಕತಿದ್ರು. ನಮಗೂ ಬೇವು-ಬೆಲ್ಲ ಕೊಡತಿದ್ರ ಬಿಡ್ರಿ. ಬೆಲ್ಲ ಕಡಿಮಿ."

ಆಗ ಅರ್ಥವಾಯಿತು. ಹಿಂದೆ ಲೇಬಲ್ ಪ್ರಿಂಟರು ಕನ್ನಡವನ್ನು ಸರಿಯಾಗಿ ಮುದ್ರಿಸುತ್ತಿರಲಿಲ್ಲ. ವ್ಯವಸ್ಥಾಪಕರು ಮೂಲ ಲೈಬ್ರರಿಯನ್ನು ತಿದ್ದಿ, ಅದೇ ಹೆಸರಿನಲ್ಲಿ ತಮ್ಮದೊಂದು ಪ್ಯಾಕೇಜು ಕಟ್ಟಿದ್ದರು. ಅವರ ತಿದ್ದುಪಡಿಯನ್ನು ಸಾಲುಸಾಲಾಗಿ ಓದಿದೆ. ಚೆನ್ನಾಗಿತ್ತು. ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಕೆಟ್ಟದ್ದು ಸಂಖ್ಯೆಯೊಂದೇ. ಹೊಸ ತಂತ್ರಾಂಶ ಕೇಳುತ್ತಿದ್ದದ್ದು ಮೂರನೆಯ ಆವೃತ್ತಿಯ ಲೈಬ್ರರಿ, ನಾಲ್ಕಕ್ಕಿಂತ ಕೆಳಗಿನದು. ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ನಿರ್ವಾಹಕ ತಂತ್ರಾಂಶಕ್ಕೆ ಪಂಚಾಂಗ ಗೊತ್ತಿಲ್ಲ, ದೊಡ್ಡ ಸಂಖ್ಯೆ ಎಂದರೆ ಹೊಸದು ಎಂಬುದಷ್ಟೇ ಗೊತ್ತು. 1944 ಇರುವಲ್ಲಿಗೆ 3ನ್ನು ತಂದರೆ ಅದು ಹಿಂದಕ್ಕೆ ಹೋದಂತೆ, ಮತ್ತು ತಾನಾಗಿ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಅದರ ನಿಯಮ. ಯಂತ್ರ ಮೊದಲ ದಿನದಿಂದಲೂ ನನಗೆ ನಿಜವನ್ನೇ ಹೇಳುತ್ತಿತ್ತು.

ಮುಂದಿನ ಪ್ರಶ್ನೆ ತಾನಾಗಿ ಬಂತು. ಇಲ್ಲಿ ಕೂರದ ಪ್ಯಾಕೇಜು ಬಬಲೇಶ್ವರದಲ್ಲಿ ಹತ್ತು ನಿಮಿಷದಲ್ಲಿ ಹೇಗೆ ಕೂತಿತು? ಅಲ್ಲಿಯೂ ಅದೇ 1944 ಇತ್ತು.

ಕೈಚೀಲ ತೆಗೆದುಕೊಂಡು ಬಬಲೇಶ್ವರದ ಜೀಪು ಹತ್ತಿದೆ.

ಕೇಂದ್ರದ ಬಾಗಿಲಲ್ಲಿ ಆ ಕುರಿಗಾರ ಮುದುಕ ಕಂಬಳಿ ಹೊದ್ದು ಕುಳಿತಿದ್ದ. ಒಳಗೆ ತಂತ್ರಜ್ಞೆ ಸೂಜಿಗಳ ಡಬ್ಬಿಯನ್ನು ಜೋಡಿಸುತ್ತಿದ್ದಳು. ಅವನು ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದ.

"ಇಪ್ಪತ್ತ ವರ್ಷದ ಸಕ್ಕರಿ ಒಂದ ಸೂಜಿಗೆ ಹೋಗೇತಿ. ಅದ ಸೂಜಿ ಇನ್ನೊಮ್ಮಿ ಚುಚ್ಚ ಬೇ ತಂಗಿ, ಮೊಣಕಾಲ ನೋವೂ ಹೋಗ್ಲಿ."

"ಯಪ್ಪಾ, ಮನಿಗೆ ಹೋಗು. ಮಾತ್ರಿ ತಗೊಂಡಿ?"

"ತಗೊಂಡೇನಿ. ಹೋಳಿಗಿ ಉಂಡದ್ದ ಮಾತ್ರ ವಾಪಸ್ ಬರವಲ್ದು." ನನ್ನತ್ತ ತಿರುಗಿದ. "ಈಕೀ ಯಾರು? ಇನ್ನೊಂದ ಸೂಜೀನೇನು?"

ತಂತ್ರಜ್ಞೆ ನನ್ನನ್ನು ನೋಡಿದಳು. ಕೂರಲು ಹೇಳಲಿಲ್ಲ. ನಾನೇ ಕಂಪ್ಯೂಟರಿನ ಮುಂದೆ ಕುಳಿತೆ.

ಯಂತ್ರ ತಾನೇ ಬರೆದಿಡುವ ದಿನಚರಿ ಕಡತದಲ್ಲಿ ಎಲ್ಲವೂ ಇತ್ತು. ಸಂತೆಯ ಹಿಂದಿನ ದಿನ ವ್ಯವಸ್ಥಾಪಕರ ಲಾಗಿನ್ನಿನಿಂದ ಮೂರು ಸಲ ಪ್ರಯತ್ನ, ಮೂರು ಸಲ ನನಗೆ ಬಂದ ಅದೇ ತಪ್ಪು. ನಾಲ್ಕನೆಯ ಸಲ ಎಲ್ಲ ಎಚ್ಚರಿಕೆಗಳನ್ನೂ ಕಡೆಗಣಿಸಿ ಬಲವಂತವಾಗಿ ಹಾಕು ಎಂಬ ಆಜ್ಞೆ. ಹೊಸ ಲೈಬ್ರರಿಯ ಕೆಲವು ಕಡತಗಳು ಹಳೆಯದರ ಮೇಲೆ ಕೂತು, ಉಳಿದವು ಹಳೆಯವೇ ಇದ್ದವು. ಅರ್ಧ ಅದು, ಅರ್ಧ ಇದು. ಇಂಥ ಸ್ಥಿತಿಯಲ್ಲಿ ಲೇಬಲ್ಲುಗಳನ್ನು ಪ್ರಿಂಟರಿಗೆ ಕಳಿಸುವ ಮುದ್ರಣ ಸೇವೆ ಕೆಲಸ ಮಾಡುತ್ತದೆ, ಯಾವಾಗಲೋ ಒಮ್ಮೆ ಕುಸಿಯುತ್ತದೆ. ಸಂತೆಯ ಬೆಳಿಗ್ಗೆ ಹನ್ನೊಂದನೆಯ ಲೇಬಲ್ ಮುದ್ರಿಸಿದ ಕ್ಷಣವೇ ಕುಸಿದಿತ್ತು. ಕೆಲವು ಸೆಕೆಂಡಿನಲ್ಲಿ ವ್ಯವಸ್ಥೆ ಅದನ್ನು ಮತ್ತೆ ಎಬ್ಬಿಸಿತ್ತು. ಎದ್ದ ಸೇವೆ, ಹಿಂದಿನ ಕೆಲಸ ಮುಗಿದ ಗುರುತಿಲ್ಲವೆಂದು ಹನ್ನೊಂದನೆಯ ಲೇಬಲ್ಲನ್ನೇ ಇನ್ನೊಮ್ಮೆ ಮುದ್ರಿಸಿತ್ತು.

ಹನ್ನೊಂದರ ಲೇಬಲ್ ಎರಡಾದರೆ, ಸಾಲಿನ ಹನ್ನೆರಡನೆಯ ಟ್ಯೂಬಿನ ಮೇಲೆ ಹನ್ನೊಂದನೆಯವನ ಹೆಸರಿರುತ್ತದೆ. ಹದಿಮೂರನೆಯದರ ಮೇಲೆ ಹನ್ನೆರಡನೆಯವನ ಹೆಸರು. ಹದಿನೈದನೆಯವನಾದ ಮುದುಕನ ರಕ್ತ ಹದಿನಾಲ್ಕನೆಯ ಹುಡುಗಿಯ ಹೆಸರಿನಲ್ಲಿ ಹೋಗುತ್ತದೆ. ಕೊನೆಗೆ ಇಪ್ಪತ್ಮೂರನೆಯವನ ಹೆಸರು ಹೊತ್ತ ಟ್ಯೂಬು ಖಾಲಿ ಉಳಿಯುತ್ತದೆ. ಎರಡು ಟ್ಯೂಬು ಅದಲುಬದಲಾಗಿರಲಿಲ್ಲ. ಹನ್ನೆರಡರಿಂದ ಕೊನೆಯವರೆಗೆ ಇಡೀ ಸಾಲು ಒಂದು ಹೆಜ್ಜೆ ಸರಿದಿತ್ತು. ಒಬ್ಬರ ರಕ್ತ ಮತ್ತೊಬ್ಬರ ಹೆಸರಿಗೆ ಹೋಗಿದ್ದು ಹನ್ನೆರಡು ಜನರದು. ಬಾಗಿಲಿಗೆ ಬಂದು ಕೂತಿದ್ದವನು ಅವರಲ್ಲಿ ಒಬ್ಬ ಮಾತ್ರ.

ನಾನು ಒಗೆಯಲು ಹೇಳಿದ ಟ್ಯೂಬು ಅದೇ. ಅದರ ಮೇಲೆ ಹೆಸರಿದೆಯೆಂದು ಅವಳು ಹೇಳಿದ್ದಳು.

ತಂತ್ರಜ್ಞೆಗೆ ಪರದೆ ತೋರಿಸಿ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಇದು ನನಗ ಆವತ್ತ ಗೊತ್ತಿರಲಿಲ್ಲ. ಏನೋ ತಪ್ಪೇತಿ ಅನ್ನೂದ ಗೊತ್ತಿತ್ತು. ಅದಕ್ಕ ಫೋನ್ ಮಾಡಿದ್ದು."

"ಹೌದು."

"ಪತ್ರಕ್ಕ ಉತ್ತರದಾಗ ನಾ ಅದನ್ನ ಬರದಿಲ್ಲ. ಬರದ್ರ, ತನ್ನ ತಪ್ಪ ಇನ್ನೊಬ್ಬಾಕಿ ಮ್ಯಾಲ ಹಾಕತಾಳ ಅಂತಾರ. ಹೇಳೂದಿದ್ರ ನೀವ ಹೇಳ್ರಿ. ಇಲ್ಲಂದ್ರ ಬಿಡ್ರಿ. ನಿಮ್ಮ ಕಾಲ ನಾ ಹಿಡಿಯೂದಿಲ್ಲ."

ಆ ಯಂತ್ರದಲ್ಲಿ ಮುದ್ರಣವನ್ನು ನಿಲ್ಲಿಸಿ, ಕೈಯಲ್ಲೇ ಹೆಸರು ಬರೆಯಲು ಹೇಳಿ ಹೊರಟೆ.

ವಿಜಯಪುರದಲ್ಲಿ ಟ್ಯೂಬುಗಳನ್ನು ಒಂದು ವಾರ ಫ್ರಿಜ್ಜಿನಲ್ಲಿ ಇಡುತ್ತಾರೆ. ಸಂತೆಯ ದಿನದ ಸ್ಟ್ಯಾಂಡನ್ನು ತೆಗೆಸಿದೆ. ಹನ್ನೊಂದನೆಯವನ ಹೆಸರಿನಲ್ಲಿ ಎರಡು ಟ್ಯೂಬುಗಳಿದ್ದವು. ಮೊದಲಿನದನ್ನು ಪರೀಕ್ಷಿಸಿ, ಇನ್ನೊಂದು ಹೆಚ್ಚಿನದೆಂದು ಬಿಟ್ಟಿದ್ದರು. ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟು, ಎರಡರ ರಕ್ತದ ಗುಂಪು ನೋಡಬೇಕೆಂದು ಕೇಳಿದೆ.

"ಕಂಪ್ಯೂಟರ್ ಬಿಟ್ಟು ಡಾಕ್ಟರಕಿ ಸುರು ಮಾಡ್ಯಾರ್ರಿ," ಎಂದರು ವ್ಯವಸ್ಥಾಪಕರು.

ಡಾಕ್ಟರು ಬೇಸರದಿಂದಲೇ ಎದ್ದು ಹೋದರು. ಸ್ಲೈಡಿನ ಮೇಲೆ ಗುಂಪು ತಿಳಿಯಲು ಹೆಚ್ಚು ಹೊತ್ತು ಬೇಡ. ಮರಳಿ ಬಂದಾಗ ಮುಖ ಬೇರೆಯಾಗಿತ್ತು. ಒಂದೇ ಹೆಸರಿನ ಎರಡು ಟ್ಯೂಬುಗಳಲ್ಲಿ ಒಂದು ಓ, ಇನ್ನೊಂದು ಬಿ.

ಕಡತದ ಪ್ರತಿಯನ್ನು ಮುಂದಿಟ್ಟು ಮೊದಲಿನಿಂದ ಹೇಳಿದೆ: ಶಕೆಯ ಸಂಖ್ಯೆ, ಬಲವಂತದ ಆಜ್ಞೆ, ಕುಸಿದ ಸೇವೆ, ಸರಿದ ಸಾಲು, ಹನ್ನೆರಡು ಜನ. ವ್ಯವಸ್ಥಾಪಕರು ನಡುವೆ ಎರಡು ಸಲ ಬಾಯಿ ಹಾಕಿದರು. ಯುಗಾದಿಯ ದಿನ ಕೆಲಸ ಆರಂಭಿಸುವುದೂ ತಪ್ಪೇ ಎಂದು ಕೇಳಿದರು. ತಪ್ಪಲ್ಲ, ಹಬ್ಬದ ಮೇಲೆ ನನ್ನ ದೂರಿಲ್ಲ, ಎಚ್ಚರಿಕೆಯನ್ನು ಓದಿ ದಾಟಿದ್ದರ ಮೇಲೆ ಇದೆ ಎಂದೆ.

"ಎಲ್ಲಾ ಖರೆ ಅಂತ ಇಟ್ಕೊಳ್ರಿ," ಎಂದರು ಅವರು ಡಾಕ್ಟರಿಗೆ. "ಕಡೀಕ ಒಂದ ಟ್ಯೂಬ್ ಉಳೀತಲ್ಲ? ಉಳದಾಗ ಆಕೀ ಸುಮ್ನ ಯಾಕ ಇದ್ಲು? ಒಂದ ಫೋನ್ ಮಾಡಿದ್ರ ಅಲ್ಲೇ ನಿಲ್ಲತಿತ್ತು. ನನಗಂತೂ ಫೋನ್ ಬಂದಿಲ್ಲ."

ಡಾಕ್ಟರು ತಲೆಯಾಡಿಸಿದರು. "ಅದು ಖರೆ. ಅಷ್ಟರ ಜವಾಬ್ದಾರಿ ಆಕೀದ. ಪತ್ರ ಇರ್ಲಿ."

ಕಡತದಲ್ಲಿ ಆ ಫೋನು ಇರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ, ಒಬ್ಬಳು ಹೇಳುವುದಿಲ್ಲ ಎಂದಿದ್ದಳು. ನನ್ನ ವಿಷಯವನ್ನು ಯಾರ ಮುಂದೆಯೂ ಇಡದೆ ಬದುಕುವುದು ನನಗೆ ಅಭ್ಯಾಸ. ಕೆಲಸಕ್ಕೆ ಸೇರುವಾಗ ಮನೆತನದ ಬಗ್ಗೆ ಇದೇ ಕೋಣೆಯಲ್ಲಿ ಎರಡು ಸಲ ಕೇಳಿದಾಗಲೂ ಅರ್ಜಿಯಲ್ಲಿದ್ದಷ್ಟನ್ನೇ ಹೇಳಿದ್ದೆ. ಸುಮ್ಮನಿರುವುದು ಸಭ್ಯತೆ ಎಂದುಕೊಂಡಿದ್ದೆ. ಆ ಹೊತ್ತು ಸುಮ್ಮನಿದ್ದರೆ ಅದು ಇನ್ನೊಬ್ಬಳ ಅನ್ನ ಕಿತ್ತುಕೊಳ್ಳುವುದಾಗುತ್ತಿತ್ತು.

"ಫೋನ್ ನನಗ ಬಂದಿತ್ತು," ಎಂದೆ. "ಟ್ಯೂಬ್ ಉಳದೈತಿ, ಅದರ ಮ್ಯಾಲ ಹೆಸರ ಐತಿ ಅಂತ ಆಕೀ ಹೇಳಿದ್ಲು. ಒಗೀರಿ ಅಂದಾಕಿ ನಾನು." ಫೋನಿನಲ್ಲಿ ಆ ದಿನದ ಕರೆಗಳ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ.

ವ್ಯವಸ್ಥಾಪಕರು ನಕ್ಕರು. "ನೋಡ್ರಿ. ನನ್ನ ಶಕೆ ಹುಡಕಾಕ ನಾಕ ದಿನ ಓಡ್ಯಾಡ್ಯಾರ, ತಮ್ಮ ಫೋನ್ ಕಿಸೇದಾಗ ಇತ್ತು."

ಮಾತು ಸರಿಯಾಗಿತ್ತು.

ಡಾಕ್ಟರು ನನ್ನ ಫೋನೆತ್ತಿ ಕರೆಗಳ ಪಟ್ಟಿ ನೋಡಿದರು. ಆಮೇಲೆ ತಂತ್ರಜ್ಞೆಯ ಪತ್ರವನ್ನು ಡ್ರಾಯರಿಗೆ ಹಾಕಿದರು, ಹರಿಯಲಿಲ್ಲ. ಹನ್ನೆರಡು ಜನರನ್ನೂ ಕರೆಸಿ ಮತ್ತೆ ರಕ್ತ ತೆಗೆಯಬೇಕು ಎಂದರು. ವ್ಯವಸ್ಥಾಪಕರು ಇನ್ನು ಮೇಲೆ ಕೇಂದ್ರಗಳ ಕಂಪ್ಯೂಟರು ಮುಟ್ಟಬಾರದು. ನನ್ನ ಮೇಲೆ ಏನು ಕ್ರಮ ಎಂಬುದನ್ನು ಆಮೇಲೆ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ.

ಹನ್ನೆರಡು ಫೋನುಗಳನ್ನೂ ನಾನೇ ಮಾಡಿದೆ. ಏಳು ಜನ ಬೈದರು, ಒಬ್ಬರು ಅತ್ತರು. ಹದಿನಾಲ್ಕನೆಯ ಹುಡುಗಿಯ ಅತ್ತೆ, "ನಿಮ್ಮ ಮಷೀನ್ ನಮ್ಮ ಸೊಸಿಯ ಅನ್ನಾ ಬಿಡಿಸೇತಿ, ನೀವ ಬಂದು ಉಣಿಸ್ರಿ," ಎಂದು ಫೋನ್ ಇಟ್ಟರು.

ತಂತ್ರಾಂಶ ಕೂರಲು ಇನ್ನೂ ಎರಡು ದಿನ ಹಿಡಿಯಿತು. ಮೊದಲು ಸುಲಭದ ದಾರಿ ಹಿಡಿದೆ. ಆವೃತ್ತಿಯ ಮುಂದೆ ಇನ್ನೊಂದು ಅಂಕಿ ಇಟ್ಟು, ಇಲ್ಲಿಂದ ಎಣಿಕೆಯೇ ಹೊಸದು ಎಂದು ಯಂತ್ರಕ್ಕೆ ಹೇಳುವ ವಿಧಾನವಿದೆ. ಹಾಗೆ ಮಾಡಿದರೆ 3 ಎಂಬುದು 1944ನ್ನು ಗೆಲ್ಲುತ್ತದೆ. ಗೆದ್ದಿತು. ಆದರೆ ಹೊಸ ಎಣಿಕೆಯ 3 ಹಳೆಯ ಎಣಿಕೆಯ 4ಕ್ಕಿಂತಲೂ ದೊಡ್ಡದಾಯಿತು. ನಾಲ್ಕಕ್ಕಿಂತ ಕೆಳಗಿನದೇ ಬೇಕೆಂದು ವರದಿ ತಂತ್ರಾಂಶ ಮತ್ತೆ ಹಟ ಹಿಡಿಯಿತು. ಅರ್ಧ ದಿನ ಹಾಳು. ಕೊನೆಗೆ ತಿಕೋಟಾದಲ್ಲಿ 1944ನ್ನು ಅದನ್ನು ಅವಲಂಬಿಸಿದ್ದ ಎಲ್ಲದರ ಜೊತೆ ಕಿತ್ತು ಹಾಕಿ, ಮೂಲ ಲೈಬ್ರರಿಯನ್ನು ಹಾಗೆಯೇ ಹಾಕಿದೆ. ವ್ಯವಸ್ಥಾಪಕರ ಕನ್ನಡ ತಿದ್ದುಪಡಿಯನ್ನು ಬೇರೆ ಹೆಸರಿನ ಸಣ್ಣ ಪ್ಯಾಕೇಜಾಗಿ ಕಟ್ಟಿ ಅದರ ಮೇಲೆ ಕೂರಿಸಿದೆ. ಬರೆದವರ ಹೆಸರಿನ ಜಾಗದಲ್ಲಿ ಅವರದೇ ಹೆಸರು ಬಿಟ್ಟೆ, ಕೆಲಸ ಅವರದು. ಇನ್ನೂರು ಲೇಬಲ್ ಮುದ್ರಿಸಿ, ನಡುನಡುವೆ ನಾನೇ ಸೇವೆಯನ್ನು ಬೀಳಿಸಿ ನೋಡಿದೆ. ಒಂದೂ ಎರಡಾಗಲಿಲ್ಲ. ಆಮೇಲೆ ಬಬಲೇಶ್ವರದ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆ.

ಮುಂದಿನ ಸಂತೆಯ ಹಿಂದಿನ ಸಂಜೆ ಡಾಕ್ಟರು ತಂತ್ರಜ್ಞೆಗೆ ಫೋನ್ ಮಾಡಿ, ಕೆಲಸ ಮುಂದುವರಿಸು ಎಂದರು. ನಾನು ಅದೇ ಕೋಣೆಯಲ್ಲಿದ್ದೆ, ಫೋನು ಸ್ಪೀಕರಿನಲ್ಲಿತ್ತು.

"ಮುಂದುವರಿಸ್ತೇನ್ರಿ. ಆದರ ಖಾಲಿ ಟ್ಯೂಬಿಗೆ ಲೇಬಲ್ ಹಚ್ಚೂದಿಲ್ಲ. ರಕ್ತ ತಗದ ಮ್ಯಾಲ, ಅವರ ಮುಂದ, ಹೆಸರ ಕೇಳಿ ಹಚ್ಚಾಕಿ."

"ಸಂತಿ ದಿನ ಸಾಲು ರಸ್ತಾಕ್ಕ ಹೋಗತೈತಿ."

"ಹೋಗ್ಲಿರಿ."

"ಮಂದಿ ಬೈತಾರ."

"ಬೈಸ್ಕೋತೇನ್ರಿ. ಇದನ್ನ ಬರದು ಕೊಡ್ರಿ. ಬಾಯಿಮಾತು ಬ್ಯಾಡ."

ಡಾಕ್ಟರು ನನ್ನನ್ನು ನೋಡಿದರು, ನಾನೇ ಕಲಿಸಿಕೊಟ್ಟಿದ್ದೇನೆ ಎಂಬಂತೆ. ನಾನು ಕಲಿಸಿರಲಿಲ್ಲ. ಬರೆದುಕೊಟ್ಟರು.

ಸಂತೆಯ ದಿನ ಮುದ್ರಣ ಸರಿಯಿದೆಯೇ ನೋಡಲು ನಾನು ಬಬಲೇಶ್ವರಕ್ಕೆ ಹೋದೆ. ಸಾಲು ಎಂಟು ಗಂಟೆಗೆಲ್ಲ ರಸ್ತೆಗಿಳಿದಿತ್ತು. ಹಸಿದವರ ಸಾಲು. "ಏನವ್ವಾ, ಲಗ್ನದ ಅಕ್ಷತಿ ಹಾಕಾಕತ್ತೀಯೇನು ಒಬ್ಬೊಬ್ಬರಿಗೂ?" ಎಂದು ಯಾರೋ ಹಿಂದಿನಿಂದ ಕೂಗಿದರು. ಅವಳು ತಲೆ ಎತ್ತಲಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿ, ಲೇಬಲ್ಲನ್ನು ಕಣ್ಣ ಹತ್ತಿರ ಹಿಡಿದು, "ನಿಮ್ಮ ಹೆಸರ ನೀವ ಹೇಳ್ರಿ," ಎಂದು ಕೇಳಿ, ಕೇಳಿದ ಮೇಲೆ ಅಂಟಿಸುತ್ತಿದ್ದಳು. ಹನ್ನೊಂದನೆಯವರಿಗೂ ಹಾಗೆಯೇ, ಮೂವತ್ತನೆಯವರಿಗೂ ಹಾಗೆಯೇ. ವ್ಯವಸ್ಥಾಪಕರಿಂದ ಅವಳಿಗೆ ಎರಡು ಸಲ ಫೋನು ಬಂತು. ಎತ್ತಲಿಲ್ಲ.

ನಾನು ಪ್ರಿಂಟರಿನ ಪಕ್ಕ ನಿಂತು ಒಂದೊಂದು ಲೇಬಲ್ಲನ್ನೂ ಎಣಿಸುತ್ತಿದ್ದೆ. ಅವಳು ಅಂದು ನನ್ನೊಡನೆ ಮಾತಾಡಿದ್ದು ಒಂದೇ ಸಲ, ಮಧ್ಯಾಹ್ನದ ಹೊತ್ತಿಗೆ, ಒಬ್ಬ ಮುದುಕಿಯ ತೋಳಿನಲ್ಲಿ ನರ ಹುಡುಕುತ್ತಿದ್ದಾಗ.

"ಸರೀರಿ ಆ ಕಡೆ. ಬೆಳಕಿಗೆ ಅಡ್ಡ ನಿಂತೀರಿ."

ಸರಿದು ನಿಂತೆ.